‘ನಾವೇ ಹೊಣೆ’ ಅಂತ ಸಹಿ ಹಾಕೋ ಮುಂಚೆ

ಬರಹ ಸ್ವಲ್ಪ ಉದ್ದ ಇದೆ. ಮಕ್ಕಳನ್ನು ಆಟಕ್ಕೆ ಕಳಿಸುವ ಅಪ್ಪ ಅಮ್ಮಂದಿರು, ಪಿಟಿ ಮೇಷ್ಟ್ರುಗಳು, ಹಾಸ್ಟೆಲ್ ವಾರ್ಡನ್‌ಗಳು, ನಮ್ಮ ಸಂಘಟನೆಯ ಗೆಳೆಯರು ದಯವಿಟ್ಟು ಪೂರ್ತಿ ಓದಿ.

ಮೂರು ತಿಂಗಳ ಹಿಂದಿನ ಮಾತು. ರಾತ್ರಿ ಎಂಟೂವರೆ ಇರಬಹುದು, ನನ್ನ ತಮ್ಮ ಒಂದು ಪ್ಲಾಸ್ಟಿಕ್ ಕವರ್ ಹಿಡ್ಕೊಂಡು ಮನೆಗೆ ಬಂದ. ಗಾರೆ ಕೆಲಸ ಮುಗಿಸಿ ನೇರ ಬಂದಿದ್ದ. ಕೈ ಮೇಲಿನ ಸಿಮೆಂಟ್ ಇನ್ನೂ ಹೋಗಿರಲಿಲ್ಲ. ಕವರ್ ಒಳಗೆ ನಾಲ್ಕು ಹಾಳೆ.

"ಅಣ್ಣಾ, ಪಾಪು ಕಬಡ್ಡಿಗೆ ಥಾಯ್ಲೆಂಡ್‌ಗೆ ಸೆಲೆಕ್ಟ್ ಆಗವ್ಳೆ. ಇಲ್ಲಿ ಸೈನ್ ಹಾಕ್ಬೇಕಂತೆ. ಏನ್ ಬರ್ದವ್ರೆ ನೋಡು."

ಅವನ ಮುಖದಲ್ಲಿದ್ದ ಖುಷಿ ನಾನು ಹೇಳಕ್ಕಾಗಲ್ಲ. ನಮ್ಮ ಹಟ್ಟಿಯಿಂದ ಯಾರೂ ವಿಮಾನ ಹತ್ತಿಲ್ಲ. ಹದಿನೇಳು ವರ್ಷದ ಹುಡುಗಿ, ಬೆಳಿಗ್ಗೆ ಐದಕ್ಕೆ ಎದ್ದು ಶಾಲೆ ಮೈದಾನದಲ್ಲಿ ಓಡಿ, ಆಮೇಲೆ ಅಮ್ಮನ ಜೊತೆ ನೀರು ಹೊತ್ತು ಕಾಲೇಜಿಗೆ ಹೋಗೋಳು. ಅವಳ ಹೆಸರು ಆ ಪಟ್ಟಿಯಲ್ಲಿ ಇದೆ ಅಂದ್ರೆ ಅದು ಸುಮ್ಮನೆ ಬಂದದ್ದಲ್ಲ.

ಹಾಳೆ ಇಂಗ್ಲಿಷಿನಲ್ಲಿತ್ತು. ಮೊದಲ ಮೂರು ಹಾಳೆಯಲ್ಲಿ ಎಷ್ಟು ದುಡ್ಡು ಕಟ್ಟಬೇಕು, ಯಾವ ಖಾತೆಗೆ ಹಾಕಬೇಕು, ಜೆರ್ಸಿ ಅಳತೆ ಏನು ಅಂತ ಇತ್ತು. ನಾಲ್ಕನೇ ಹಾಳೆಯಲ್ಲಿ ಒಂದೇ ಪ್ಯಾರಾ. ನಾನು ಅದನ್ನು ಕನ್ನಡದಲ್ಲಿ ಓದಿ ಹೇಳಿದೆ: ಪ್ರವಾಸದಲ್ಲಿ ನಮ್ಮ ಮಗಳಿಗೆ ಆಗುವ ಗಾಯ, ಕಾಯಿಲೆ, ಅಪಘಾತ, ಸಾವು, ಇನ್ಯಾವುದೇ ಅನಾಹುತಕ್ಕೆ ನಾವೇ ಹೊಣೆ, ಸಂಘಟಕರು, ತಂಡದ ಮ್ಯಾನೇಜರ್, ತರಬೇತುದಾರ ಯಾರೂ ಹೊಣೆಯಲ್ಲ, ಮುಂದೆ ಯಾವ ಪರಿಹಾರವನ್ನೂ ಕೇಳುವುದಿಲ್ಲ.

ತಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ ಕೇಳಿದ: "ಸತ್ರೂ ನಾವೇನಾ ಅಣ್ಣಾ?"

ನನಗೆ ನಮ್ಮಪ್ಪ ನೆನಪಾದರು. ಅವರು ಹುಡುಗರಾಗಿದ್ದಾಗ ತಾತ ಮಾಡಿದ ಸಾಲಕ್ಕೆ ಒಂದು ಪತ್ರದ ಮೇಲೆ ಹೆಬ್ಬೆಟ್ಟು ಒತ್ತಿ ಗೌಡರ ಮನೆಗೆ ಜೀತಕ್ಕೆ ಸೇರಿದ್ದರು. ಆ ಪತ್ರದಲ್ಲಿ ಏನಿತ್ತು ಅಂತ ಅಪ್ಪನಿಗೆ ಸಾಯೋವರೆಗೂ ಗೊತ್ತಿರಲಿಲ್ಲ. ನಷ್ಟ ಆದ್ರೆ ನಮ್ಮದು, ಲಾಭ ಅವರದು ಅನ್ನೋದಷ್ಟೇ ಗೊತ್ತಿತ್ತು. 1976ರಲ್ಲಿ ಜೀತ ಪದ್ಧತಿ ನಿಷೇಧದ ಕಾನೂನು ಬಂತು. ಪತ್ರದ ಭಾಷೆ ಮಾತ್ರ ಇನ್ನೂ ಹೋಗಿಲ್ಲ, ಈಗ ಇಂಗ್ಲಿಷಿನಲ್ಲಿ ಬರುತ್ತೆ.

ಸಹಿ ಹಾಕಬೇಡ, ನಾಳೆ ನಾನು ಕೇಳ್ತೀನಿ ಅಂದೆ.

ಬೆಳಿಗ್ಗೆ ತಂಡ ಕರ್ಕೊಂಡು ಹೋಗುವವರಿಗೆ ಫೋನ್ ಮಾಡಿದೆ. ಮರ್ಯಾದೆಯಿಂದಲೇ ಮಾತಾಡಿಸಿದೆ. ಹನ್ನೆರಡು ಹುಡುಗಿಯರ ಜೊತೆ ಹೆಂಗಸರು ಯಾರು ಬರ್ತಾರೆ? ವಿಮೆ ಮಾಡಿಸ್ತೀರಾ? ಆಡುವಾಗ ಕಾಲು ಮುರಿದರೆ ಆ ವಿಮೆ ಕೊಡುತ್ತಾ? ಪಾಸ್‌ಪೋರ್ಟ್ ಯಾರ ಹತ್ತಿರ ಇರುತ್ತೆ? ಉಳಿಯೋದು ಎಲ್ಲಿ? ರಾತ್ರಿ ಹೊಟ್ಟೆನೋವು ಬಂದ್ರೆ ಮಗು ಯಾರ ಬಾಗಿಲು ತಟ್ಟಬೇಕು? ಇಷ್ಟೇ ಕೇಳಿದ್ದು.

ಆ ಕಡೆಯಿಂದ ಒಂದು ನಗು ಬಂತು. "ಸಾರ್, ಇಪ್ಪತ್ತು ವರ್ಷದಿಂದ ಟೀಮ್ ಕರ್ಕೊಂಡು ಹೋಗ್ತಿದೀವಿ, ಯಾರೂ ಇಷ್ಟು ಕೇಳಿಲ್ಲ. ನಿಮ್ಮೋರಿಗೆ ಇಂಥ ಅವಕಾಶ ಸಿಗೋದೇ ಕಷ್ಟ. ಸಿಕ್ಕಾಗ ಕಳಿಸಬೇಕು."

‘ನಿಮ್ಮೋರಿಗೆ’ ಅಂದರೆ ಯಾರಿಗೆ ಅಂತ ನಾನು ಕೇಳಲಿಲ್ಲ. ಕೇಳುವ ಅಗತ್ಯವೂ ಇರಲಿಲ್ಲ.

ಗೆಳೆಯರೇ, ನಾನು ಹೆದರುಪುಕ್ಕಲನಾಗಿ ಈ ಪ್ರಶ್ನೆ ಕೇಳಲಿಲ್ಲ. ಹೊರದೇಶಕ್ಕೆ ಹೋದ ತಂಡಗಳಿಗೆ ಏನೇನಾಗಿದೆ ಅಂತ ಓದಿದ್ದರಿಂದ ಕೇಳಿದೆ. ಒಂದು ಉದಾಹರಣೆ ಹೇಳ್ತೀನಿ.

1993ರ ಏಪ್ರಿಲ್ 27. ಆಫ್ರಿಕಾದ ಜಾಂಬಿಯಾ ದೇಶದ ಫುಟ್‌ಬಾಲ್ ತಂಡ ವಿಶ್ವಕಪ್ ಅರ್ಹತಾ ಪಂದ್ಯಕ್ಕೆ ಸೆನೆಗಲ್‌ಗೆ ಹೊರಟಿತ್ತು. ಆ ದೇಶ ಕಂಡ ಅತ್ಯುತ್ತಮ ತಂಡಗಳಲ್ಲಿ ಅದೊಂದು. ಹೊರಟಿದ್ದು ವಾಯುಪಡೆಯ ಒಂದು ಹಳೇ ವಿಮಾನದಲ್ಲಿ. ಅಷ್ಟು ದೂರ ಒಂದೇ ಸಲಕ್ಕೆ ಹಾರುವ ಶಕ್ತಿ ಅದಕ್ಕಿರಲಿಲ್ಲ, ದಾರಿಯಲ್ಲಿ ಇಳಿದು ಇಳಿದು ಇಂಧನ ತುಂಬಿಸಿಕೊಳ್ಳಬೇಕಿತ್ತು. ಮೊದಲ ನಿಲ್ದಾಣದಲ್ಲೇ ಎಂಜಿನ್ ತೊಂದರೆ ಕಾಣಿಸಿತ್ತು. ಆದರೂ ಹಾರಿದರು. ಗ್ಯಾಬನ್ ದೇಶದ ಲಿಬ್ರವಿಲ್‌ನಿಂದ ಮೇಲೆದ್ದ ಸ್ವಲ್ಪ ಹೊತ್ತಿಗೆ ಒಂದು ಎಂಜಿನ್‌ಗೆ ಬೆಂಕಿ ಬಿತ್ತು, ಪೈಲಟ್ ಸರಿಯಿದ್ದ ಇನ್ನೊಂದು ಎಂಜಿನ್ನನ್ನು ಆಫ್ ಮಾಡಿಬಿಟ್ಟ ಅಂತ ತನಿಖೆಯಲ್ಲಿ ಬಂತು. ವಿಮಾನ ಸಮುದ್ರಕ್ಕೆ ಬಿತ್ತು. ಒಳಗಿದ್ದ 30 ಜನರೂ ಸತ್ತರು, ಅವರಲ್ಲಿ 18 ಆಟಗಾರರು. ಅದೇ ಪೈಲಟ್ ಸ್ವಲ್ಪ ಮುಂಚೆಯಷ್ಟೇ ಮಾರಿಷಸ್‌ನಿಂದ ಇದೇ ತಂಡವನ್ನು ಕರ್ಕೊಂಡು ಬಂದಿದ್ದ, ದಣಿದಿದ್ದ.

ಇದನ್ನು ವಿಧಿ ಅನ್ನಬಹುದಾ? ವಿಮಾನ ಹಳೇದು, ದಾರಿ ಉದ್ದ, ಪೈಲಟ್‌ಗೆ ದಣಿವು, ಎಂಜಿನ್ ತೊಂದರೆ ಮೊದಲೇ ಗೊತ್ತು. ಒಂದೊಂದು ಕಡೆಯೂ ಯಾರೋ ಒಬ್ಬರು ‘ನಡೀತದೆ, ಹೋಗೋಣ’ ಅಂದಿದ್ದಾರೆ. ‘ಬೇಡ, ನಾವು ಹತ್ತಲ್ಲ’ ಅಂತ ಹೇಳುವ ಅಧಿಕಾರ ಮಾತ್ರ ಆಟಗಾರರ ಕೈಲಿ ಇರಲಿಲ್ಲ.

ಆ ಅಧಿಕಾರ ಇದ್ದವರು ಏನು ಮಾಡ್ತಾರೆ ಅನ್ನೋದಕ್ಕೂ ಉದಾಹರಣೆ ಇದೆ. 2009ರ ಮಾರ್ಚ್ 3ರಂದು ಲಾಹೋರಿನಲ್ಲಿ ಶ್ರೀಲಂಕಾ ಕ್ರಿಕೆಟ್ ತಂಡದ ಬಸ್ ಮೇಲೆ ಗುಂಡಿನ ದಾಳಿ ನಡೆಯಿತು. ಬಸ್ ಚಾಲಕ ಗುಂಡಿನ ನಡುವೆಯೇ ಗಾಡಿ ಓಡಿಸಿ ಸ್ಟೇಡಿಯಂ ಒಳಗೆ ತಂದದ್ದರಿಂದ ಆಟಗಾರರು ಗಾಯಗಳೊಂದಿಗೆ ಉಳಿದರು. ಹಿಂದೆ ಅಂಪೈರ್‌ಗಳಿದ್ದ ವ್ಯಾನು ರಸ್ತೆಯಲ್ಲೇ ಸಿಕ್ಕಿಹಾಕಿಕೊಂಡಿತು, ಅದರ ಚಾಲಕ ಸತ್ತ. ಪೊಲೀಸರು ನಮ್ಮನ್ನು ಬಿಟ್ಟು ಹೋದರು ಅಂತ ಆ ವ್ಯಾನಿನಲ್ಲಿದ್ದವರು ಆಮೇಲೆ ಬಹಿರಂಗವಾಗಿಯೇ ಹೇಳಿದರು. ಒಟ್ಟು ಸತ್ತವರು ಆರು ಪೊಲೀಸರು, ಇಬ್ಬರು ಸಾಮಾನ್ಯ ಜನ. ಒಂದೇ ದಾರಿಯಲ್ಲಿ, ಒಂದೇ ಸಾಲಿನಲ್ಲಿ ಹೋಗುತ್ತಿದ್ದವರಲ್ಲೂ ಯಾರ ಜೀವಕ್ಕೆ ಎಷ್ಟು ಕಾವಲು ಅನ್ನೋ ಲೆಕ್ಕ ಇರುತ್ತೆ.

ಅದಾದ ಮೇಲೆ ವರ್ಷಗಟ್ಟಲೆ ದೊಡ್ಡ ತಂಡಗಳು ಅಲ್ಲಿಗೆ ಹೋಗಲಿಲ್ಲ. 2021ರ ಸೆಪ್ಟೆಂಬರ್‌ನಲ್ಲಿ ನ್ಯೂಜಿಲೆಂಡ್ ತಂಡ ಹೋಗಿತ್ತು. ರಾವಲ್ಪಿಂಡಿಯಲ್ಲಿ ಮೊದಲ ಪಂದ್ಯ ಶುರುವಾಗಬೇಕಿದ್ದ ದಿನವೇ ಅವರ ಸರ್ಕಾರದಿಂದ ಎಚ್ಚರಿಕೆ ಬಂತು. ಪ್ರವಾಸ ರದ್ದು ಮಾಡಿ ವಾಪಸ್ ಹೊರಟರು. ಸರಿಯೋ ತಪ್ಪೋ, ಪಾಕಿಸ್ತಾನದವರಿಗೆ ಬಹಳ ಬೇಜಾರಾಯ್ತು, ಅದು ಬೇರೆ ಚರ್ಚೆ. ನನಗೆ ಬೇಕಾದದ್ದು ಇಷ್ಟು: ‘ಆಡಲ್ಲ’ ಅಂದ ಆ ಆಟಗಾರರಲ್ಲಿ ಒಬ್ಬನ ಹೆಸರನ್ನೂ ಅದಕ್ಕಾಗಿ ತಂಡದಿಂದ ತೆಗೆಯಲಿಲ್ಲ. ಮುಂದಿನ ವರ್ಷವೇ ಅವರು ಮತ್ತೆ ಅದೇ ದೇಶಕ್ಕೆ ಹೋಗಿ ಆಡಿದರು.

ನನ್ನ ಪ್ರಕಾರ ಸುರಕ್ಷತೆ ಅಂದ್ರೆ ಇದೇ. ಬಂದೂಕು ಹಿಡಿದ ಕಾವಲು ಆಮೇಲಿನ ಮಾತು. ಪ್ರಶ್ನೆ ಕೇಳಿದವರ ಜಾಗ ತಂಡದಲ್ಲಿ ಉಳಿಯಬೇಕು.

ನಮ್ಮ ಹುಡುಗಿಯ ಜಾಗ ಉಳಿಯಲಿಲ್ಲ.

ನಾನು ಫೋನ್ ಮಾಡಿದ ನಾಲ್ಕನೇ ದಿನಕ್ಕೆ ವಾಟ್ಸಾಪ್ ಗ್ರೂಪಿನಲ್ಲಿ ಹೊಸ ಪಟ್ಟಿ ಬಂತು. ಇವಳ ಹೆಸರು ಇರಲಿಲ್ಲ. ಕಾರಣ ಕೇಳಿದರೆ ‘ದಾಖಲೆ ಅಪೂರ್ಣ’. ಸಹಿ ಇಲ್ಲದ ನಾಲ್ಕನೇ ಹಾಳೆಯೇ ಅಪೂರ್ಣ ದಾಖಲೆ.

ಅವಳು ನನ್ನ ಮನೆಗೆ ಬಂದು ಬಾಗಿಲಲ್ಲೇ ನಿಂತು ಹೇಳಿದಳು: "ದೊಡ್ಡಪ್ಪಾ, ನೀನು ಹೋರಾಟ ಮಾಡೋಕೆ ಬೇರೆ ಏನೂ ಸಿಗ್ಲಿಲ್ವಾ? ನಾನೇ ಸಿಕ್ಕಿದ್ದಾ?"

ಮೂವತ್ತು ವರ್ಷದಿಂದ ಚಳವಳಿಯಲ್ಲಿದ್ದೀನಿ. ಲಾಠಿ ಏಟು ತಿಂದಿದ್ದೀನಿ, ಬಹಿಷ್ಕಾರ ನೋಡಿದ್ದೀನಿ. ಆ ಮಾತಿಗೆ ನನ್ನ ಹತ್ತಿರ ಉತ್ತರ ಇರಲಿಲ್ಲ. ಅವಳು ಹೋದ ಮೇಲೆ ರಾತ್ರಿ ಊಟ ಸೇರಲಿಲ್ಲ.

ತಂಡ ಹೋಯಿತು. ಎಂಟು ದಿನಕ್ಕೆ ವಾಪಸ್ಸೂ ಬಂತು. ಎಲ್ಲರೂ ಕ್ಷೇಮವಾಗಿ ಬಂದರು. ಬಸ್ ಸ್ಟ್ಯಾಂಡಿನಲ್ಲಿ ಹಾರ, ತಮಟೆ, ಪಟಾಕಿ. ತಮಟೆ ಹೊಡೆದವರು ನಮ್ಮ ಹಟ್ಟಿ ಹುಡುಗರೇ. ಹುಡುಗಿಯರ ಕೊರಳಲ್ಲಿ ಪದಕ. ನನ್ನ ತಮ್ಮನ ಮಗಳು ಅಂಗಡಿ ಪಕ್ಕ ನಿಂತು ನೋಡ್ತಾ ಇದ್ದಳು. ಆ ಸಂಘಟಕರು ನನ್ನ ಕಡೆ ತಿರುಗಿ, "ನೋಡಿದ್ರಾ ಸಾರ್, ಏನೂ ಆಗ್ಲಿಲ್ಲ" ಅಂದರು.

ಹೌದು. ಏನೂ ಆಗಲಿಲ್ಲ. ಅದಕ್ಕೆ ನನಗೂ ನಿಜವಾಗಿ ಸಂತೋಷ. ಆ ಹನ್ನೆರಡೂ ನಮ್ಮ ಮಕ್ಕಳೇ. ಆದರೆ ಬ್ರೇಕ್ ಇಲ್ಲದ ಬಸ್ಸು ಇಪ್ಪತ್ತು ಸಲ ಘಾಟಿ ಇಳಿದರೆ ಬ್ರೇಕ್ ಬೇಡ ಅಂತ ಅರ್ಥ ಅಲ್ಲವಲ್ಲ.

ಒಂದು ವಾರದ ಮೇಲೆ, ಹೋಗಿ ಬಂದ ಹುಡುಗಿಯೊಬ್ಬಳು ನಮ್ಮ ಹುಡುಗಿಯ ಜೊತೆ ಮಾತಾಡ್ತಾ ಕೆಲವು ವಿಷಯ ಹೇಳಿದಳು. ಇಳಿದ ತಕ್ಷಣ ಎಲ್ಲರ ಪಾಸ್‌ಪೋರ್ಟ್ ಒಬ್ಬರೇ ತಗೊಂಡು ಬ್ಯಾಗಿಗೆ ಹಾಕಿಕೊಂಡರಂತೆ, ವಾಪಸ್ ಬರೋ ದಿನ ಕೊಟ್ಟರಂತೆ. ಫೋನಿಗೆ ಅಲ್ಲಿನ ಸಿಮ್ ಇಲ್ಲ, ಮನೆಗೆ ಮಾತಾಡಬೇಕಾದರೆ ಮ್ಯಾನೇಜರ್ ರೂಮಿಗೇ ಹೋಗಬೇಕು. ಆ ಮ್ಯಾನೇಜರ್ ಗಂಡಸು. ಜೊತೆಗೆ ಹೆಂಗಸರು ಯಾರೂ ಇರಲಿಲ್ಲ. ಒಬ್ಬಳಿಗೆ ಮುಟ್ಟಾಗಿ ವಿಪರೀತ ಹೊಟ್ಟೆನೋವು, ಯಾರಿಗೆ ಹೇಳೋದು ಅಂತ ತಿಳಿಯದೆ ಎರಡು ದಿನ ಹಾಗೇ ಆಡಿದಳಂತೆ. ಇನ್ನೊಬ್ಬಳ ಪಾದ ತಿರುಚಿ ಊದಿಕೊಂಡರೆ ಸ್ಪ್ರೇ ಹೊಡೆದು ಮಲಗಿಸಿದರು. ವಿಮೆ ಅನ್ನೋದು ಇತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ.

ಇದನ್ನೆಲ್ಲ ಅವಳು ನಗ್ತಾ ನಗ್ತಾ ಹೇಳಿದಳಂತೆ. ‘ಏನೂ ಆಗಲಿಲ್ಲ’ ಅಂದ್ರೆ ಇಷ್ಟು.

ಅದನ್ನು ಕೇಳಿದ ಮೇಲೆ ನಮ್ಮ ಹುಡುಗಿ ನನ್ನ ಜೊತೆ ಮತ್ತೆ ಮಾತಾಡಿದಳು. ಕ್ಷಮೆ ಗಿಮೆ ಏನೂ ಕೇಳಲಿಲ್ಲ, ನಾನೂ ನಿರೀಕ್ಷೆ ಮಾಡಲಿಲ್ಲ. ಬಂದು ಕೂತು ಕೇಳಿದಳು: "ದೊಡ್ಡಪ್ಪಾ, ಇದಕ್ಕೆಲ್ಲ ರೂಲ್ಸ್ ಇದೆಯಾ?"

ಇದೆ ಮಗಾ. ರೂಲ್ಸ್ ಇದೆ.

2022ರ ಜೂನ್‌ನಲ್ಲಿ ಭಾರತದ ಸೈಕ್ಲಿಂಗ್ ತಂಡ ಸ್ಲೊವೇನಿಯಾದಲ್ಲಿ ತರಬೇತಿಯಲ್ಲಿದ್ದಾಗ ಒಬ್ಬ ಆಟಗಾರ್ತಿ ತನ್ನ ತರಬೇತುದಾರನ ಮೇಲೆ ಕಿರುಕುಳದ ದೂರು ಕೊಟ್ಟರು. ಭಾರತೀಯ ಕ್ರೀಡಾ ಪ್ರಾಧಿಕಾರ ಅವರನ್ನು ವಾಪಸ್ ಕರೆಸಿತು, ತರಬೇತುದಾರನ ಗುತ್ತಿಗೆ ರದ್ದಾಯ್ತು. ಆಮೇಲೆ ಪ್ರಾಧಿಕಾರ ಎಲ್ಲ ರಾಷ್ಟ್ರೀಯ ಕ್ರೀಡಾ ಒಕ್ಕೂಟಗಳಿಗೂ ಸೂಚನೆ ಕಳಿಸಿತು: ಆಟಗಾರ್ತಿಯರಿರುವ ತಂಡ ದೇಶದ ಒಳಗೆ ಹೋಗಲಿ, ಹೊರಗೆ ಹೋಗಲಿ, ಜೊತೆಗೆ ಮಹಿಳಾ ತರಬೇತುದಾರರು ಇರಲೇಬೇಕು. ಆ ಒಬ್ಬ ಹೆಣ್ಣುಮಗಳು ಬಾಯಿ ಬಿಟ್ಟದ್ದರಿಂದ ಬಂದ ಸೂಚನೆ ಅದು. ಆದರೆ ನಮ್ಮ ತಾಲ್ಲೂಕು ಮಟ್ಟದ ತಂಡಗಳಿಗೆ, ‘ಅಂತರರಾಷ್ಟ್ರೀಯ’ ಅಂತ ಬೋರ್ಡ್ ಹಾಕಿಕೊಂಡ ಖಾಸಗಿ ಟೂರ್ನಿಗಳಿಗೆ ಅದು ಯಾವಾಗ ಬಂದು ಮುಟ್ಟುತ್ತೆ? ನಾವು ಕೇಳಿದಾಗ ಮಾತ್ರ.

ಇನ್ನೊಂದು ಅಪಾಯ ಇದೆ, ಅದು ಯಾವ ಸುರಕ್ಷತಾ ಪಟ್ಟಿಯಲ್ಲೂ ಇರಲ್ಲ. ವಂದನಾ ಕಟಾರಿಯಾ ನೆನಪಿಸಿಕೊಳ್ಳಿ. 2021ರಲ್ಲಿ ಅವರು ನಮ್ಮ ಬೆಂಗಳೂರಿನ ಶಿಬಿರದಲ್ಲಿದ್ದಾಗ ತಂದೆ ತೀರಿಕೊಂಡರು. ಕೋವಿಡ್ ಕಾಲ, ಅಂತ್ಯಕ್ರಿಯೆಗೂ ಹೋಗಲಾಗಲಿಲ್ಲ. ಅಲ್ಲಿಂದ ಟೋಕಿಯೊಗೆ ಹೋಗಿ ದಕ್ಷಿಣ ಆಫ್ರಿಕಾ ವಿರುದ್ಧ ಮೂರು ಗೋಲು ಹೊಡೆದರು. ಒಲಿಂಪಿಕ್ಸ್ ಹಾಕಿಯಲ್ಲಿ ಹ್ಯಾಟ್ರಿಕ್ ಹೊಡೆದ ಮೊದಲ ಭಾರತೀಯ ಮಹಿಳೆ ಅವರು. ಆಗಸ್ಟ್ 4ರಂದು ಸೆಮಿಫೈನಲ್‌ನಲ್ಲಿ ಅರ್ಜೆಂಟೀನಾ ವಿರುದ್ಧ ತಂಡ ಸೋತಿತು. ಅದೇ ದಿನ ಹರಿದ್ವಾರದ ಹತ್ತಿರ ರೋಶನಾಬಾದ್‌ನಲ್ಲಿ ಅವರ ಮನೆ ಮುಂದೆ ಕೆಲವರು ಪಟಾಕಿ ಹೊಡೆದು, ಕುಣಿದು, ಜಾತಿ ಹಿಡಿದು ಬೈದರು. ತಂಡದಲ್ಲಿ ದಲಿತರು ಜಾಸ್ತಿ ಆಗಿದ್ದಕ್ಕೇ ಸೋತರು ಅಂತ ಕೂಗಿದರು ಅಂತ ಮನೆಯವರು ದೂರು ಕೊಟ್ಟರು. ಬಂಧನವೂ ಆಯ್ತು.

ಯೋಚನೆ ಮಾಡಿ. ಟೋಕಿಯೊದಲ್ಲಿ ಆಟಗಾರ್ತಿಗೆ ವೈರಸ್ ತಗಲಬಾರದು ಅಂತ ಎಷ್ಟೊಂದು ಏರ್ಪಾಡು. ಊರಲ್ಲಿ ಅವರ ತಾಯಿಯ ಬಾಗಿಲಿಗೆ ಜಾತಿ ಬಂದು ನಿಂತಾಗ ಏರ್ಪಾಡೇ ಇಲ್ಲ. ಎರಡು ದಿನ ಬಿಟ್ಟು ಕಂಚಿನ ಪದಕದ ಪಂದ್ಯದಲ್ಲಿ ಅವರು ಮತ್ತೆ ಗೋಲು ಹೊಡೆದರು. ನಮ್ಮ ಮಕ್ಕಳು ಹೊರದೇಶಕ್ಕೆ ಹೋಗುವಾಗ ಸೂಟ್‌ಕೇಸ್ ಜೊತೆ ಇದನ್ನೂ ಹೊತ್ತುಕೊಂಡು ಹೋಗ್ತಾರೆ.

ಹೊಸದೇನಲ್ಲ. ನಮ್ಮ ಧಾರವಾಡದಲ್ಲಿ ಹುಟ್ಟಿದ ಪಾಲ್ವಂಕರ್ ಬಾಳೂ 1911ರಲ್ಲೇ ಭಾರತದ ಕ್ರಿಕೆಟ್ ತಂಡದ ಜೊತೆ ಇಂಗ್ಲೆಂಡಿಗೆ ಹೋಗಿ ನೂರಕ್ಕೂ ಹೆಚ್ಚು ವಿಕೆಟ್ ತೆಗೆದವರು. ಪುಣೆಯಲ್ಲಿ ಅವರ ಜೊತೆ ಆಡುವವರು ಒಳಗೆ ಕೂತು ಚಹಾ ಕುಡಿಯುವಾಗ ಬಾಳೂ ಅವರಿಗೆ ಹೊರಗೆ ಮಣ್ಣಿನ ಕುಡಿಕೆಯಲ್ಲಿ ಕೊಡುತ್ತಿದ್ದರು. ಅಷ್ಟೆಲ್ಲ ಆಡಿದರೂ ಹಿಂದೂ ತಂಡದ ನಾಯಕತ್ವ ಅವರಿಗೆ ಸಿಗಲಿಲ್ಲ. 1920ರಲ್ಲಿ ಅವರ ತಮ್ಮಂದಿರಾದ ಶಿವರಾಮ್ ಮತ್ತು ವಿಠ್ಠಲ್ ಇದನ್ನು ಪ್ರತಿಭಟಿಸಿ ತಂಡದಿಂದ ಹೊರಗುಳಿದರು. ಆ ಪ್ರತಿಭಟನೆಗೆ ಬೆಲೆ ಬಂತು, 1923ರಲ್ಲಿ ವಿಠ್ಠಲ್ ಅದೇ ತಂಡದ ನಾಯಕರಾದರು.

ಆದರೆ ಒಂದು ವಿಷಯ ಮರೆಯಬಾರದು. ಪಾಲ್ವಂಕರ್ ಸೋದರರು ಇಲ್ಲದೆ ಆ ತಂಡಕ್ಕೆ ಗೆಲ್ಲಲು ಆಗುತ್ತಿರಲಿಲ್ಲ. ಅದಕ್ಕೇ ಅವರ ‘ಇಲ್ಲ’ಕ್ಕೆ ತೂಕ ಇತ್ತು. ನನ್ನ ತಮ್ಮನ ಮಗಳ ಜಾಗಕ್ಕೆ ಇನ್ನೊಬ್ಬಳು ಮಾರನೇ ದಿನವೇ ಸಿಕ್ಕಳು. ಒಬ್ಬಳು ಕೇಳಿದರೆ ಹೆಸರು ತೆಗೀತಾರೆ. ಹನ್ನೆರಡು ಮನೆಯವರೂ ಒಟ್ಟಿಗೆ ಕೇಳಿದರೆ ಯಾರ ಹೆಸರು ತೆಗೀತಾರೆ?

ನಾನು ಮಾಡಿದ ತಪ್ಪು ಅದು. ಒಪ್ಪಿಕೊಳ್ತೀನಿ. ಒಬ್ಬನೇ ಫೋನ್ ಮಾಡಿದೆ. ಉಳಿದ ಹನ್ನೊಂದು ಮನೆಗೆ ಮೊದಲು ಹೋಗಬೇಕಿತ್ತು. ಸಂಘಟನೆ ಅಂತ ಮೂವತ್ತು ವರ್ಷ ಭಾಷಣ ಮಾಡಿ, ಮನೆ ಮಗಳ ವಿಷಯ ಬಂದಾಗ ಒಂಟಿಯಾಗಿ ಹೋದೆ. ಅದರ ಬೆಲೆ ಕೊಟ್ಟವಳು ಅವಳು.

ಈಗ ಅವಳೂ ನಾನೂ ಕೂತು ಒಂದು ಪಟ್ಟಿ ಮಾಡಿದ್ದೀವಿ. ಸಹಿ ಹಾಕೋ ಮುಂಚೆ ಎಲ್ಲ ಮನೆಯವರೂ ಸೇರಿ ಕೇಳಬೇಕಾದದ್ದು:

1. ಟೂರ್ನಿ ನಿಜವಾದದ್ದಾ? ಕರ್ಕೊಂಡು ಹೋಗುವವರಿಗೆ ಮಾನ್ಯತೆ ಇದೆಯಾ? ಕೇಂದ್ರ ಕ್ರೀಡಾ ಸಚಿವಾಲಯ ಮಾನ್ಯ ಮಾಡಿದ ಒಕ್ಕೂಟಗಳ ಪಟ್ಟಿ ಅವರ ವೆಬ್‌ಸೈಟಿನಲ್ಲೇ ಸಿಗುತ್ತೆ. ಜಿಲ್ಲಾ ಕ್ರೀಡಾ ಇಲಾಖೆಯಲ್ಲೂ ಬರವಣಿಗೆಯಲ್ಲಿ ಕೇಳಿ.

2. ಹೆಣ್ಣುಮಕ್ಕಳ ತಂಡದ ಜೊತೆ ಬರುವ ಮಹಿಳೆ ಯಾರು? ಹೆಸರು, ಫೋನ್ ನಂಬರ್ ಮೊದಲೇ ಕೊಡಬೇಕು. ‘ಅಲ್ಲಿ ಯಾರೋ ಇರ್ತಾರೆ’ ಅನ್ನೋದು ಉತ್ತರ ಅಲ್ಲ.

3. ವಿಮೆ ಪತ್ರದ ನಕಲು ಮನೆಗೆ ಕೊಡಬೇಕು. ಮಾಮೂಲಿ ಪ್ರವಾಸ ವಿಮೆಗಳಲ್ಲಿ ಎಷ್ಟೋ ಕಡೆ ಸ್ಪರ್ಧೆಯಲ್ಲಿ ಆಡುವಾಗ ಆದ ಗಾಯಕ್ಕೆ ಹಣ ಕೊಡಲ್ಲ. ಆಟದ ಗಾಯ ಸೇರಿದೆಯಾ ಅಂತ ಓದಿಸಿ ನೋಡಿ.

4. ಪಾಸ್‌ಪೋರ್ಟಿನ ನಕಲು ಮಗುವಿನ ಹತ್ತಿರ ಒಂದು, ಮನೆಯಲ್ಲಿ ಒಂದು. ಫೋನಿನಲ್ಲಿ ಫೋಟೋ. ಅಸಲಿಯನ್ನು ಒಬ್ಬರ ಹತ್ತಿರ ಇಡಬೇಕಾದರೆ ಯಾರ ಹತ್ತಿರ, ಕೇಳಿದಾಗ ಕೊಡ್ತಾರಾ ಅನ್ನೋದು ತೀರ್ಮಾನವಾಗಿರಬೇಕು.

5. ಮನೆಗೆ ಮಾತಾಡೋಕೆ ಮಗು ಯಾರ ರೂಮಿಗೂ ಹೋಗುವ ಹಾಗೆ ಇರಬಾರದು. ಸಿಮ್ ಅಥವಾ ರೋಮಿಂಗ್ ಖರ್ಚು ಪ್ರವಾಸದ ಖರ್ಚಿನಲ್ಲೇ ಸೇರಲಿ.

6. ಆ ದೇಶದ ಭಾರತೀಯ ರಾಯಭಾರ ಕಚೇರಿಯ ನಂಬರ್ ಕಾಗದದ ಮೇಲೆ ಬರೆದು ಮಗುವಿನ ಬ್ಯಾಗಿನಲ್ಲಿ ಇಡಿ. ವಿದೇಶಾಂಗ ಸಚಿವಾಲಯದ ‘ಮದದ್’ ಅನ್ನೋ ಪೋರ್ಟಲ್‌ನಲ್ಲಿ ಇಲ್ಲಿಂದಲೇ ದೂರು ಹಾಕಬಹುದು. ಕಷ್ಟದಲ್ಲಿರುವ ಭಾರತೀಯರಿಗೆ ಸಹಾಯ ಮಾಡಲು ರಾಯಭಾರ ಕಚೇರಿಗಳಲ್ಲಿ ಒಂದು ನಿಧಿಯೂ ಇದೆ.

7. ದೂರು ಯಾರಿಗೆ ಕೊಡಬೇಕು? ಆ ವ್ಯಕ್ತಿ ಪ್ರವಾಸದಲ್ಲಿ ಇರುವವರೇ ಆಗಿದ್ದರೆ ಸಾಲದು, ಊರಲ್ಲಿ ಒಬ್ಬರು ಇರಬೇಕು. ಹದಿನೆಂಟು ತುಂಬದ ಮಕ್ಕಳಿಗೆ ಪೋಕ್ಸೊ ಕಾಯ್ದೆ ಇದೆ. ಭಾರತದ ಪ್ರಜೆ ಹೊರದೇಶದಲ್ಲಿ ಅಪರಾಧ ಮಾಡಿದರೂ ನಮ್ಮ ಭಾರತೀಯ ನ್ಯಾಯ ಸಂಹಿತೆ ಅನ್ವಯಿಸುತ್ತೆ. ‘ಅಲ್ಲಿ ಆಗಿದ್ದು, ಇಲ್ಲಿ ಕೇಸ್ ಇಲ್ಲ’ ಅಂತ ಯಾರಾದರೂ ಹೇಳಿದರೆ ನಂಬಬೇಡಿ.

8. ‘ಎಲ್ಲಕ್ಕೂ ನಾವೇ ಹೊಣೆ’ ಅನ್ನೋ ಸಾಲನ್ನು ಹೊಡೆದುಹಾಕಿ, ಆಮೇಲೆ ಸಹಿ ಹಾಕಿ. ಸಹಿ ಹಾಕಿದ ಪ್ರತಿಯ ಫೋಟೋ ಇಟ್ಟುಕೊಳ್ಳಿ.

ಕೊನೆಯದಾಗಿ, ಇದನ್ನೆಲ್ಲ ಒಬ್ಬರೇ ಕೇಳಬೇಡಿ.

ಹೋದ ಭಾನುವಾರ ಹೋಗಿ ಬಂದವರಲ್ಲಿ ಐದು ಮನೆಯವರು, ನಮ್ಮ ತಮ್ಮ, ನಾನು ಅಂಬೇಡ್ಕರ್ ಭವನದಲ್ಲಿ ಸೇರಿದ್ದೆವು. ಎರಡು ಮನೆಯವರು ನಮ್ಮ ಜಾತಿಯವರಲ್ಲ, ಅವರೂ ಬಂದರು. ಅವರ ಮಕ್ಕಳೂ ಅದೇ ಹಾಳೆಗೆ ಸಹಿ ಹಾಕಿದವರು, ಅವರ ಪಾಸ್‌ಪೋರ್ಟೂ ಅದೇ ಬ್ಯಾಗಿನಲ್ಲಿತ್ತು. ಮುಂದಿನ ಟೂರ್ನಿ ಡಿಸೆಂಬರ್‌ನಲ್ಲಂತೆ. ಅರ್ಜಿ ಬರುವ ಮುಂಚೆಯೇ ನಮ್ಮ ಪಟ್ಟಿ ಅವರ ಕೈ ಸೇರಿದೆ, ಆರು ಸಹಿ ಇದೆ. ಇನ್ನೂ ಉತ್ತರ ಬಂದಿಲ್ಲ. ಬಂದ ಮೇಲೆ ಇಲ್ಲೇ ಹಾಕ್ತೀನಿ, ಒಳ್ಳೇದಿರಲಿ ಕೆಟ್ಟದ್ದಿರಲಿ.

ಹುಡುಗಿ ಮತ್ತೆ ಐದಕ್ಕೆ ಎದ್ದು ಓಡ್ತಾ ಇದ್ದಾಳೆ. ಆ ಎಂಟು ಪ್ರಶ್ನೆಗಳ ಕೆಳಗೆ ಆರನೇ ಸಹಿ ಅವಳ ಅಪ್ಪನದು. ಗಾರೆ ಕೆಲಸದ ಕೈ, ಅಕ್ಷರ ಸ್ವಲ್ಪ ಸೊಟ್ಟ. ಹಾಕುವ ಮುಂಚೆ ಪೂರ್ತಿ ಓದಿಸಿಕೊಂಡು ಹಾಕಿದ.

ನಿಮ್ಮೂರಲ್ಲಿ ಇಂಥ ಹಾಳೆ ಬಂದಿದ್ದರೆ ಕಾಮೆಂಟಿನಲ್ಲಿ ಹೇಳಿ. ಮಕ್ಕಳ ಹೆಸರು, ಫೋಟೋ ಹಾಕಬೇಡಿ.

ಜೈ ಭೀಮ್.